ಬಚ್ಚಲಿನಲ್ಲಿರುವ ಆರು ಗೋಣಿಚೀಲಗಳು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯೊಂದಿತ್ತು. ಭದ್ರಾ ಅಭಯಾರಣ್ಯದೊಳಗಿನ ಹಳೆಯ ಅರಣ್ಯ ಠಾಣೆಯೊಂದು ಶಿಥಿಲವಾಗಿದೆ, ಮಳೆಗಾಲ ಮುಗಿದ ಮೇಲೆ ಅದನ್ನು ಕೆಡವಿ ಹೊಸ ಕಟ್ಟಡ ಕಟ್ಟಲಾಗುತ್ತದೆ ಎಂದು. ಹೆಚ್ಚಿನವರು ಅದನ್ನು ದಾಟಿ ಕಾಫಿ, ಮೆಣಸಿನ ಧಾರಣೆಯತ್ತ ಹೋಗಿರುತ್ತಾರೆ. ನಾನು ಮೂರು ಸಲ ಓದಿದೆ. ಆ ಠಾಣೆಯ ಹಿಂದೆ ಹಲಸಿನ ಮರದ ಕೆಳಗಿದ್ದ ವಾಚರ್ ಮನೆಯಲ್ಲಿ ನಾನು ಹುಟ್ಟಿದ್ದು. ಹನ್ನೊಂದು ವರ್ಷ ತುಂಬಿ ಚಿಕ್ಕಮಗಳೂರಿನ ಹಾಸ್ಟೆಲಿಗೆ ಬರುವವರೆಗೆ ಬೆಳೆದದ್ದೂ ಅಲ್ಲಿಯೇ. ನನ್ನ ಅಪ್ಪ ಅಲ್ಲಿ ಅರಣ್ಯ ವೀಕ್ಷಕರಾಗಿದ್ದರು. ಮೊದಲ ಹದಿನೇಳು ವರ್ಷ ದಿನಗೂಲಿಯ ಮೇಲೆ, ಆಮೇಲೆ ಕಾಯಂ.

ಠಾಣೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಈಗ ಅಲ್ಲಿರುವ ಹುಡುಗರು ಒಳ್ಳೆಯವರು. ನನ್ನ ಪತ್ರದಿಂದ ಅವರಿಗೆ ಮೇಲಿನವರ ಕಾಗದ ಬರುವುದು ನನಗೆ ಬೇಡ. ಹೊಸ ಕಟ್ಟಡಕ್ಕೂ ನನ್ನ ವಿರೋಧವಿಲ್ಲ. ಹೆಂಚಿನ ಸಂದಿಯಿಂದ ನೀರು ಸುರಿಯುವ ಕೋಣೆಯಲ್ಲಿ, ಒದ್ದೆ ಕಂಬಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲಗುವುದು ಏನೆಂದು ನನ್ನ ಅವ್ವನ ಕೀಲುಗಳಿಗೆ ಗೊತ್ತಿತ್ತು. ಕಾಡು ಕಾಯುವವರಿಗೆ ಸೋರದ ಸೂರು, ಕೆಲಸ ಮಾಡುವ ವೈರ್‌ಲೆಸ್, ಒಳ್ಳೆಯ ಶೌಚಾಲಯ ಸಿಗಲಿ. ನನ್ನ ಮಾತಿರುವುದು ಆ ಕಟ್ಟಡದೊಳಗಿನ ಕಾಗದಗಳ ಬಗ್ಗೆ.

ಕಳೆದ ಚಳಿಗಾಲದಲ್ಲಿ ಅನುಮತಿ ಪಡೆದು, ನನ್ನ ತಂಗಿಯ ಮಗನ ಜೊತೆ ಅಲ್ಲಿಗೆ ಹೋಗಿದ್ದೆ. ಮಲ್ಲಂದೂರು ದಾಟಿದ ಮೇಲೆ ಮೊಬೈಲ್ ಸುಮ್ಮನಾಯಿತು. ಠಾಣೆಯ ಜಗಲಿ ಹಾಗೆಯೇ ಇದೆ. ಮಳೆ ಮಾಪಕ ಇಡುತ್ತಿದ್ದ ಕಲ್ಲಿನ ಕಟ್ಟೆ ಇದೆ, ಮಾಪಕವಿಲ್ಲ. ಒಳಕೋಣೆಯಲ್ಲಿದ್ದ ಮರದ ಬೀರು ಎಲ್ಲಿ ಎಂದು ಕೇಳಿದಾಗ ಒಬ್ಬ ಹುಡುಗ ನನ್ನನ್ನು ಹಿಂದಿನ ಬಚ್ಚಲು ಮನೆಗೆ ಕರೆದುಕೊಂಡು ಹೋದ. ಬೀರು ಎಂದೋ ಸೌದೆಯಾಗಿದೆ. ಅದರಲ್ಲಿದ್ದ ಪುಸ್ತಕಗಳನ್ನು ಆರು ಗೋಣಿಚೀಲಗಳಲ್ಲಿ ತುಂಬಿ ಹಂಡೆಯ ಒಲೆಯ ಪಕ್ಕ ಇಟ್ಟಿದ್ದಾರೆ. ಬಚ್ಚಲಿನ ಮಾಡಿನಲ್ಲಿ ಅರ್ಧ ಹೆಂಚಿಲ್ಲ. ಒಂದು ಚೀಲದ ಬುಡದಿಂದ ಗೆದ್ದಲಿನ ಮಣ್ಣು ಗೋಡೆಯ ಮೇಲೆ ಎರಡು ಅಡಿ ಏರಿತ್ತು.

ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದೆ. "ಅವಧಿ ಮುಗಿದ ಕಡತಗಳು ಮೇಡಂ, ವಿಲೇವಾರಿ ಪಟ್ಟಿಯಲ್ಲಿವೆ" ಎಂದರು. ಲಿಖಿತವಾಗಿ ಕೇಳಿದ್ದಕ್ಕೂ ಅದೇ ಒಂದು ಸಾಲಿನ ಉತ್ತರ ಬಂತು. ಅದಕ್ಕಾಗಿಯೇ ಈ ಪತ್ರ.

ಆ ಪುಸ್ತಕಗಳಲ್ಲಿ ಏನಿದೆ ಎಂಬುದನ್ನು ನಾನು ಹೇಳಲೇಬೇಕು. ಅವುಗಳಲ್ಲಿ ಕೆಲವು ಪುಟಗಳನ್ನು ಬರೆದವಳು ನಾನೇ.

ನಮ್ಮ ಗಾರ್ಡ್ ಸಾಹೇಬರಿಗೆ ಕೊನೆಯ ವರ್ಷಗಳಲ್ಲಿ ಕಣ್ಣಿಗೆ ಪೊರೆ ಬಂದಿತ್ತು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮೂರನೆಯ ತರಗತಿಯಲ್ಲಿದ್ದ ನನ್ನ ಅಕ್ಷರ ದುಂಡಾಗಿದೆ ಎಂದು ಸಂಜೆ ಲಾಟೀನು ಹಚ್ಚಿದ ಮೇಲೆ ನನ್ನನ್ನು ಕೂರಿಸಿಕೊಂಡು ಸಾಹೇಬರು ದಿನಚರಿ ಹೇಳಿ ಬರೆಸುತ್ತಿದ್ದರು. ಎಲ್ಲಿಂದ ಎಲ್ಲಿಗೆ ಗಸ್ತು, ಯಾರು ಜೊತೆಗಿದ್ದರು, ಯಾವ ಸರಹದ್ದು ಕಲ್ಲು ವಾಲಿದೆ, ಎಲ್ಲಿ ಕಾಟಿ (ಕಾಡುಕೋಣ) ಹಿಂಡು ಕಂಡಿತು, ಯಾವ ಹಳ್ಳದಲ್ಲಿ ನೀರು ಬತ್ತಿದೆ, ಎಲ್ಲಿ ಬಿದಿರು ಹೂಬಿಟ್ಟಿದೆ. ಬಿದಿರು ಹೂಬಿಟ್ಟಿತೆಂದರೆ ಮೆಳೆಗೆ ಮೆಳೆಯೇ ಸಾಯುತ್ತದೆ. ಮುಂದಿನ ಬೇಸಿಗೆಯಲ್ಲಿ ಬೆಂಕಿಗೆ ಅದೇ ಸೌದೆ. ಅದಕ್ಕೇ ಆ ಸಾಲಿನ ಕೆಳಗೆ ಗೆರೆ ಎಳೆಸುತ್ತಿದ್ದರು. ಬರೆದು ಮುಗಿದ ಮೇಲೆ ಸಾಹೇಬರ ಸಹಿ, ಅದರ ಪಕ್ಕ ಅಪ್ಪನ ಹೆಬ್ಬೆಟ್ಟು.

ಮಳೆಯ ಲೆಕ್ಕದ ಪುಸ್ತಕ ಬೇರೆ. ಐದು ಇಂಚು ಬಾಯಿಯ ತಾಮ್ರದ ಮಾಪಕದಲ್ಲಿ ರಾತ್ರಿಯಿಡೀ ಬಿದ್ದ ನೀರನ್ನು ಬೆಳಿಗ್ಗೆ ಎಂಟೂವರೆಗೆ ಗೆರೆ ಹಾಕಿದ ಗಾಜಿನಲ್ಲಿ ಅಳೆಯಬೇಕು. ಆಷಾಢದಲ್ಲಿ ಒಂದು ಗಾಜಿಗೆ ಮುಗಿಯುವ ಮಳೆಯಲ್ಲ ಅದು. ಗಾಜು ತುಂಬುವುದು, ಚೆಲ್ಲುವುದು, ಮತ್ತೆ ತುಂಬುವುದು. ಲೆಕ್ಕ ತಪ್ಪಬಾರದೆಂದು ಅಪ್ಪ ಒಂದೊಂದು ಗಾಜಿಗೂ ಕಟ್ಟೆಯ ಮೇಲೆ ಒಂದು ಹರಳುಕಲ್ಲು ಇಡುತ್ತಿದ್ದರು. ಅವರು ಬೆಳಗಿನ ಜಾವವೇ ಗಸ್ತಿಗೆ ಹೋದ ದಿನ ಆ ಕೆಲಸ ನನ್ನದು. ಒಂದು ದಿನ ಕಾಲಿಗೆ ಹತ್ತಿದ ಉಂಬಳ ಕೀಳಲು ಬಗ್ಗಿದಾಗ ಮೊಣಕೈ ತಗುಲಿ ಮಾಪಕದ ಒಳಪಾತ್ರೆ ಉರುಳಿತು. ಹೆದರಿ ಹಿಂದಿನ ದಿನದ ಅಂಕಿಗೆ ಒಂದಿಷ್ಟು ಸೇರಿಸಿ ಬರೆದುಬಿಟ್ಟೆ. ಸಂಜೆ ಅಪ್ಪ ಮಳೆಗೆ ಹೊದೆಯುವ ಗೊರಬು ಕಳಚಿಟ್ಟು, ಕಟ್ಟೆಯ ಮೇಲಿನ ಕಲ್ಲು ಎಣಿಸಿ, "ಇಂದು ಎಷ್ಟು ಬರೆದೆ?" ಎಂದು ಕೇಳಿದರು. ಕಲ್ಲು ನಾಲ್ಕಿದ್ದವು. ನಾನು ಹೇಳಿದ ಅಂಕಿಗೆ ನಾಲ್ಕು ಕಲ್ಲು ಸಾಲುವುದಿಲ್ಲವೆಂದು ಓದು ಬರದ ಅವರಿಗೆ ಗೊತ್ತಾಯಿತು. ಬೈಯಲಿಲ್ಲ. ನನ್ನನ್ನು ಅದೇ ಗೊರಬಿನಡಿ ಸಾಹೇಬರ ಬಳಿ ಕರೆದುಕೊಂಡು ಹೋಗಿ ಇದ್ದದ್ದನ್ನು ಹೇಳಿಸಿದರು. ಸಾಹೇಬರು ಕೆಂಪು ಶಾಯಿಯ ಪೆನ್ನು ಕೊಟ್ಟು ಅಂಕಿಯ ಪಕ್ಕದಲ್ಲಿ ಬರೆಸಿದರು: "ನೀರು ಚೆಲ್ಲಿದೆ. ಈ ದಿನದ ಅಳತೆ ನಂಬುವಂತಿಲ್ಲ."

ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೂ ಅದಕ್ಕಿಂತ ದೊಡ್ಡ ಪಾಠವನ್ನು ನಾನು ಯಾರಿಗೂ ಹೇಳಿಲ್ಲ. ಸುಳ್ಳಿಗೆ ಇಷ್ಟು ಹೆದರುತ್ತಿದ್ದವರು ಇಟ್ಟ ಲೆಕ್ಕ ಅದು. ಹಳೆಯ ಪುಸ್ತಕಗಳಲ್ಲಿ ಇಂಚು ಮತ್ತು ಅದರ ನೂರರಲ್ಲೊಂದು ಭಾಗವಾದ ಸೆಂಟ್‌ನಲ್ಲಿ, ಆಮೇಲಿನವುಗಳಲ್ಲಿ ಮಿಲಿಮೀಟರ್‌ನಲ್ಲಿ, ಒಂದು ಬೆಟ್ಟದ ಸಾಲಿನ ಮಳೆ ದಿನದಿನವೂ ದಾಖಲಾಗಿದೆ. ಇಂದು ಮಳೆ ಹಿಂದಿನಂತಿಲ್ಲ ಎಂದು ತೋಟದವರು, ಗದ್ದೆಯವರು, ವಿಜ್ಞಾನಿಗಳು ಎಲ್ಲರೂ ಹೇಳುತ್ತಾರೆ. ಹಿಂದೆ ಹೇಗಿತ್ತು ಎಂಬುದಕ್ಕೆ ಈ ಕಣಿವೆಯ ಉತ್ತರ ಬಚ್ಚಲಿನಲ್ಲಿ ಕುಳಿತಿದೆ.

ನಾನು ಬಿಚ್ಚಿ ನೋಡಿದ ನಾಲ್ಕು ಚೀಲಗಳಲ್ಲಿ ಅತ್ಯಂತ ಹಳೆಯವು ಮಹಾರಾಜರ ಕಾಲದ ನಾಟಾ ಪುಸ್ತಕಗಳು. ಮೈಸೂರು ಸೀಮೆಯಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ, ಮೈಸೂರು ಅರಣ್ಯ ಕಾಯಿದೆ ಬಂದದ್ದು 1900ರಲ್ಲಿ. ಆ ಕಾಲದ ಠಾಣೆಗೆ ಕಾಡೆಂದರೆ ಮೊದಲು ಮರ. ಸಾಗವಾನಿ, ಬೀಟೆ, ಹೊನ್ನೆ, ಮತ್ತಿ, ನಂದಿ. ಪ್ರತಿ ದಿಮ್ಮಿಗೂ ಸುತ್ತಿಗೆಯ ಮುದ್ರೆ, ಉದ್ದ, ಸುತ್ತಳತೆ, ಎಳೆದ ಆನೆಯ ಹೆಸರು. ಹೌದು, ಆನೆಯ ಹೆಸರಿದೆ, ಮಾವುತನ ಹೆಸರಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಇಳಿಯುತ್ತಿತ್ತು, ಅದನ್ನು ಕರಗಿಸಲು ಕಲ್ಲಿದ್ದಲಿನ ಬದಲು ನಮ್ಮ ಕಾಡುಗಳ ಇದ್ದಿಲು ಉರಿಯುತ್ತಿತ್ತು. ನಮ್ಮ ಠಾಣೆಯ ಜನರನ್ನು ಲಕ್ಕವಳ್ಳಿ ಕಡೆಗೆ ಸೌದೆ ಕಡಿತದ ಉಸ್ತುವಾರಿಗೆ ಕಳುಹಿಸಿದ ದಿನಗಳ ಲೆಕ್ಕವೂ ಈ ಪುಸ್ತಕಗಳಲ್ಲಿದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಪುಟ್ಟ ರೈಲಿನ ಹೆಸರು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಭದ್ರಾ ಅಣೆಕಟ್ಟಿನ ಹಿನ್ನೀರು ಆ ಹಳಿಯನ್ನು ನುಂಗಿತು. ನಾನು ಆ ರೈಲನ್ನು ಕಂಡವಳಲ್ಲ, ಕಾಗದದಲ್ಲಿ ಕಂಡೆ.

ಆಮೇಲೆ ಪುಸ್ತಕಗಳ ಭಾಷೆಯೇ ಬದಲಾಗುತ್ತದೆ. 1951ರಲ್ಲಿ ಜಾಗರ ಕಣಿವೆ ವನ್ಯಧಾಮವೆಂದು ಸುಮಾರು 250 ಚದರ ಕಿಲೋಮೀಟರ್ ಕಾಡನ್ನು ಘೋಷಿಸಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಲಕ್ಕವಳ್ಳಿ ಕಾಡನ್ನೂ ಸೇರಿಸಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಯೊಳಗೆ ಸೇರಿತು. ಸರ್ಕಾರಿ ಆದೇಶದಲ್ಲಿ ಇವು ನಾಲ್ಕು ಸಾಲು. ಠಾಣೆಯ ಪುಸ್ತಕದಲ್ಲಿ ಅದು ಹೇಗೆ ಕಾಣುತ್ತದೆಂದರೆ, ಹುಲಿ ಕೊಂದವರಿಗೆ ಇನಾಮು ಕೊಡುತ್ತಿದ್ದ ರಾಜ್ಯದ ಠಾಣೆಯಲ್ಲಿ, ಹುಲಿಯ ಹೆಜ್ಜೆ ಕಂಡರೆ ಗಾಜಿನ ಹಾಳೆಯ ಮೇಲೆ ಅದರ ಅಚ್ಚು ಬರೆದು ಜೋಪಾನವಾಗಿಡುವ ಕಾಲ ಬಂತು. ದಿಮ್ಮಿ ಎಣಿಸಲು ಕೆಲಸಕ್ಕೆ ಸೇರಿದ ನನ್ನ ಅಪ್ಪ ಹೆಜ್ಜೆ ಎಣಿಸಿ ನಿವೃತ್ತರಾದರು. ಈ ಬದಲಾವಣೆಯನ್ನು ಅವರಿಗೆ ಯಾರೂ ತರಬೇತಿ ಕೊಟ್ಟು ಕಲಿಸಲಿಲ್ಲ. ಒಂದು ದಿನ ಕಡಿಯಬೇಡಿ ಎಂದರು, ಅಂದಿನಿಂದ ಅಪ್ಪ ಕಡಿಯುವವರನ್ನು ತಡೆದರು.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಬೆಂಕಿ ರಿಜಿಸ್ಟರ್. ಪುಷ್ಯ ಮುಗಿಯುವಷ್ಟರಲ್ಲಿ ಬೆಂಕಿ ರೇಖೆ ಕಡಿದು, ತರಗೆಲೆ ಗುಡಿಸಿ, ತಂಪು ಹೊತ್ತಿನಲ್ಲಿ ಅದನ್ನು ಸುಟ್ಟು ಬೋಳು ಮಾಡಿಡಬೇಕು. ಮಾಘ ದಾಟಿದರೆ ಒಂದು ಬೀಡಿಯ ತುಂಡು ಸಾಕು. ಬೆಂಕಿ ಎದ್ದರೆ ಠಾಣೆಯ ಐದಾರು ಜನ ಏನೂ ಮಾಡಲಾರರು. ಸುತ್ತಲ ಊರುಗಳಿಂದ ಜನ ಬರಬೇಕು. ಕಾಡಿನ ಸವಲತ್ತು ಪಡೆದವರು ಬೆಂಕಿ ಬಿದ್ದಾಗ ನೆರವಿಗೆ ಬರಬೇಕೆಂಬುದು ಅರಣ್ಯ ಕಾನೂನಿನಲ್ಲೇ ಇದೆ. ಹಾಗೆ ಬಂದವರ ಹೆಸರು, ಅವರ ತಂದೆಯ ಹೆಸರು, ಊರು, ಎಷ್ಟು ಹೊತ್ತು ನಿಂತರು, ಎಷ್ಟು ಕೂಲಿ, ಯಾರ ಕಾಲು ಸುಟ್ಟಿತು, ಎಲ್ಲವೂ ಆ ರಿಜಿಸ್ಟರ್‌ನಲ್ಲಿದೆ. ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಆರಿಸಿದ ಬೆಂಕಿ, ಎದುರು ಬೆಂಕಿ ಕೊಟ್ಟು ತಡೆದ ಬೆಂಕಿ, ಮೂರು ದಿನ ಉರಿದು ತಾನೇ ನಿಂತ ಬೆಂಕಿ. ಇದು ಹಳೆಯ ಕಾಲದ ಕಷ್ಟ ಎಂದು ಯಾರೂ ತಿಳಿಯಬಾರದು. 2023ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡ್ಗಿಚ್ಚು ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು.

ಬೆಂಕಿ ರಿಜಿಸ್ಟರ್‌ನಲ್ಲಿ ಇರುವ ಊರುಗಳಲ್ಲಿ ಕೆಲವು ಈಗ ಇಲ್ಲ. ಹಿಪ್ಲ, ಕರ್ವಾನಿ, ಕೇಸವೆಯಂಥ ಒಳ ಊರುಗಳ ನಾಲ್ಕು ನೂರಕ್ಕೂ ಹೆಚ್ಚು ಕುಟುಂಬಗಳು 2000ದ ಆಚೀಚೆಯ ವರ್ಷಗಳಲ್ಲಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೂ ಹೋದವು. ದೇಶದಲ್ಲೇ ಚೆನ್ನಾಗಿ ನಡೆದ ಸ್ಥಳಾಂತರವೆಂದು ಅದನ್ನು ಹೊಗಳುತ್ತಾರೆ. ಗದ್ದೆ, ಶಾಲೆ, ಆಸ್ಪತ್ರೆ ಹತ್ತಿರವಾದದ್ದು ನಿಜ, ಹೋದವರೇ ನನಗೆ ಹೇಳಿದ್ದಾರೆ. ಆದರೆ ಅವರ ಅಜ್ಜಂದಿರು ಈ ಕಾಡಿನ ಬೆಂಕಿ ಆರಿಸಿದ್ದರೆಂಬುದಕ್ಕೆ ಉಳಿದಿರುವ ಬರಹ ಅದೊಂದೇ.

ಇದು ಬರಿಯ ಭಾವನೆಯ ಮಾತೂ ಅಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಬುಡಕಟ್ಟಿನವರಲ್ಲದ ಕಾಡಂಚಿನ ಜನ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದರೆಂದು ತೋರಿಸಬೇಕು. ಮಲೆನಾಡಿನ ಎಷ್ಟು ಮನೆಗಳಲ್ಲಿ 75 ವರ್ಷದ ಹಿಂದಿನ ಕಾಗದವಿದೆ? ಹೆಂಚು ಹಾರಿಹೋದ ಮನೆ, ಇಲಿ ತಿಂದ ಪೆಟ್ಟಿಗೆ, ಓದು ಬರದ ಹಿರಿಯರು. ನಮ್ಮ ಜಿಲ್ಲೆಯಲ್ಲಿ ಅರ್ಜಿ ಹಿಡಿದು ಅಲೆಯುವವರಿಗೆ ಕಚೇರಿಗಳು ಕೇಳುವುದು ದಾಖಲೆ. ಆ ದಾಖಲೆ ಇರುವುದು ಸರ್ಕಾರದ್ದೇ ಪುಸ್ತಕಗಳಲ್ಲಿ. ಬೆಂಕಿ ರಿಜಿಸ್ಟರ್‌ನಲ್ಲಿ, ದನ ಮೇಯಿಸಲು ಕೊಟ್ಟ ಪಾಸಿನ ಅಡಿಪ್ರತಿಯಲ್ಲಿ, ಸೊಪ್ಪು ತಂದದ್ದಕ್ಕೆ ದಂಡ ಹಾಕಿದ ಮೊಕದ್ದಮೆ ಪುಸ್ತಕದಲ್ಲಿ. ಅಜ್ಜನಿಗೆ ಹಾಕಿದ ಎಂಟಾಣೆ ದಂಡ ಮೊಮ್ಮಗನ ಹಕ್ಕಿಗೆ ಸಾಕ್ಷಿಯಾಗಬಲ್ಲದು. ಇಂಥ ಪುಸ್ತಕವನ್ನು ಅವಧಿ ಮುಗಿದದ್ದೆಂದು ಯಾರು ತೀರ್ಮಾನಿಸಿದರು?

ಇನ್ನು ಹಾಜರಿ ಪುಸ್ತಕಗಳು. ದಿನಗೂಲಿ ವಾಚರ್‌ಗಳ ಎನ್‌ಎಂಆರ್ (ಹೆಸರುವಾರು ಹಾಜರಿ ಪಟ್ಟಿ) ಹಾಳೆಗಳ ಕಟ್ಟು ಒಂದು ಚೀಲದಲ್ಲಿ ಪೂರ್ತಿಯಾಗಿ ಇದೆ. ಉದ್ದುದ್ದಕ್ಕೆ ಹೆಬ್ಬೆಟ್ಟುಗಳು. ಶಾಯಿ ಮಸುಕಾದರೂ ಗೆರೆಗಳು ಎದ್ದು ಕಾಣುತ್ತವೆ. ನನ್ನ ಅಪ್ಪನ ಹೆಬ್ಬೆಟ್ಟಿನಲ್ಲಿ ಕತ್ತಿಯ ಗಾಯದ ಅಡ್ಡಗೆರೆಯೊಂದಿತ್ತು. ಹೆಸರು ಓದುವ ಮೊದಲೇ ಆ ಗೆರೆಯಿಂದ ಅವರನ್ನು ಗುರುತು ಹಿಡಿದೆ. ಅವರ ಹೆಸರಿನ ಮೇಲಿನ ಸಾಲಿನಲ್ಲಿದ್ದ ಇನ್ನೊಬ್ಬರ ಹಾಜರಿ ಒಂದು ಶ್ರಾವಣದಲ್ಲಿ ಹದಿನಾಲ್ಕನೆಯ ತಾರೀಖಿಗೆ ನಿಲ್ಲುತ್ತದೆ. ಅದರ ಮುಂದೆ "ಜ್ವರ" ಎಂದು ಮೂರು ಚೌಕಗಳಲ್ಲಿ ಬರೆದಿದೆ, ನಾಲ್ಕನೆಯದು ಖಾಲಿ. ನನಗೆ ಆ ದಿನ ನೆನಪಿದೆ. ಹಳ್ಳ ತುಂಬಿ ದಾಟಲಾಗದೆ, ಠಾಣೆಯಲ್ಲಿದ್ದ ಕ್ವಿನೈನ್ ಪೊಟ್ಟಣ ಕೆಲಸಕ್ಕೆ ಬಾರದೆ, ಅವರು ನಮ್ಮ ಜಗಲಿಯಲ್ಲಿಯೇ ತೀರಿಹೋದರು. ಅವರ ಮನೆಯವರನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ, ಬರೆಯುವುದಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಆಚರಿಸುತ್ತೇವೆ. ರಾಜಸ್ಥಾನದ ಖೇಜಡ್ಲಿಯಲ್ಲಿ 1730ರಲ್ಲಿ ಮರಗಳನ್ನು ಅಪ್ಪಿಕೊಂಡು ಪ್ರಾಣ ಬಿಟ್ಟ 363 ಬಿಷ್ಣೋಯಿ ಜನರ ನೆನಪಿನ ದಿನ ಅದು. ಆ ದಿನ ಕಳ್ಳಬೇಟೆಗಾರರ ಗುಂಡಿಗೆ, ಆನೆಯ ತುಳಿತಕ್ಕೆ ಬಲಿಯಾದವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಜ್ವರದಲ್ಲಿ, ಹಳ್ಳದ ಈಚೆ ದಡದಲ್ಲಿ, ದಿನಗೂಲಿಯ ಮೇಲೆ ಸತ್ತವರು ಯಾವ ಪಟ್ಟಿಯಲ್ಲಿಯೂ ಇಲ್ಲ. ಆ ಖಾಲಿ ಚೌಕವೊಂದೇ ಅವರ ದಾಖಲೆ.

ಠಾಣೆಯ ಮುಂದಿನ ಕೋಣೆಯಲ್ಲಿ ಕಪ್ಪು ಹಲಗೆಯೊಂದಿದೆ. ಅಲ್ಲಿ ಸೇವೆ ಸಲ್ಲಿಸಿದ ವಲಯ ಅರಣ್ಯಾಧಿಕಾರಿಗಳ ಹೆಸರು, ಬಂದ ತಾರೀಖು, ಹೋದ ತಾರೀಖು ಬಿಳಿ ಬಣ್ಣದಲ್ಲಿ ಬರೆದಿದೆ. ಅವರಲ್ಲಿ ಹಲವರು ಒಳ್ಳೆಯ ಅಧಿಕಾರಿಗಳು. ಒಬ್ಬರು ನನ್ನ ಹಾಸ್ಟೆಲ್ ಅರ್ಜಿಗೆ ತಾವೇ ಕಾಗದ ಬರೆದುಕೊಟ್ಟು, ತಮ್ಮ ಜೀಪಿನಲ್ಲಿ ನನ್ನನ್ನು ಪಟ್ಟಣಕ್ಕೆ ಕರೆತಂದವರು. ಅವರಿಲ್ಲದಿದ್ದರೆ ನಾನು ಶಿಕ್ಷಕಿಯಾಗುತ್ತಿರಲಿಲ್ಲ. ಆದರೆ ಅಧಿಕಾರಿಗಳು ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಬದಲಾಗುತ್ತಾರೆ. ಮೂವತ್ತು ವರ್ಷ ಅದೇ ಹಳ್ಳ, ಅದೇ ಗುಡ್ಡ ಹತ್ತಿ ಇಳಿದವರ ಹೆಸರು ಹಲಗೆಯ ಮೇಲೆ ಇಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಆ ಆರು ಚೀಲಗಳನ್ನು ಮಳೆ ಹಿಡಿಯುವ ಮೊದಲು, ಅಂದರೆ ಈ ತಿಂಗಳೊಳಗೆ, ಒಣ ಜಾಗಕ್ಕೆ ಸಾಗಿಸಬೇಕು. ಚಿಕ್ಕಮಗಳೂರಿನ ಯಾವುದಾದರೂ ಸರ್ಕಾರಿ ಕಟ್ಟಡದ ಒಂದು ಕೋಣೆ ಸಾಕು. ರಾಜ್ಯ ಪತ್ರಾಗಾರ ಇಲಾಖೆಯವರು ಒಮ್ಮೆ ಬಂದು ನೋಡುವವರೆಗೆ ವಿಲೇವಾರಿ ಪಟ್ಟಿಯನ್ನು ತಡೆಹಿಡಿಯಬೇಕು. ಇಂಥ ಚೀಲಗಳು ಈ ಒಂದು ಠಾಣೆಯಲ್ಲಿ ಮಾತ್ರ ಇರಲಾರವು. ಶೃಂಗೇರಿ, ಕೊಪ್ಪ, ಮೂಡಿಗೆರೆ, ಆಚೆ ಸಕಲೇಶಪುರ, ಯಸಳೂರಿನ ಹಳೆಯ ಠಾಣೆಗಳಲ್ಲಿಯೂ ಹುಡುಕಬೇಕು. ಹೊಸ ಕಟ್ಟಡ ಎದ್ದಾಗ ಅಧಿಕಾರಿಗಳ ಹಲಗೆಯ ಪಕ್ಕದಲ್ಲಿ ಇನ್ನೊಂದು ಹಲಗೆ ಬರಲಿ. ಅದಕ್ಕೆ ಬೇಕಾದ ಹೆಸರುಗಳೆಲ್ಲ ಎನ್‌ಎಂಆರ್ ಹಾಳೆಗಳಲ್ಲಿ ಸಾಲಾಗಿ ಇವೆ. ಆ ಹಲಗೆಯ ಮರಕ್ಕೂ ಬಣ್ಣಕ್ಕೂ ನನ್ನ ಪಿಂಚಣಿಯಿಂದ ಹಣ ಕೊಡಲು ಸಿದ್ಧಳಿದ್ದೇನೆ.

ಕೆಲಸಕ್ಕೆ ಜನರಿಲ್ಲ ಎಂಬ ಉತ್ತರ ಬರಬಹುದು. ನನಗೆ ಹಳೆಯ ಕೈಬರಹ ಓದಲು ಬರುತ್ತದೆ. ಹಳ್ಳ, ದಿಣ್ಣೆ, ಹಾಡ್ಯಗಳ ಹೆಸರು ಗೊತ್ತು, ಯಾವ ಗಾರ್ಡ್ ಸಾಹೇಬರ ಅಕ್ಷರ ಯಾವುದು ಎಂಬುದೂ ಕೆಲವರ ಮಟ್ಟಿಗೆ ಗೊತ್ತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಕಂಪ್ಯೂಟರಿಗೆ ಏರಿಸಿಕೊಡಲು ಒಪ್ಪಿದ್ದಾರೆ. ಸಂಬಳ ಬೇಡ, ಕುಳಿತುಕೊಳ್ಳಲು ಬೆಂಚು, ಬೆಳಕು ಇದ್ದರೆ ಸಾಕು. ಈ ಪತ್ರವನ್ನು ಓದಿದ ಇಲಾಖೆಯ ಹಿರಿಯರು ಯಾರಾದರೂ ಒಪ್ಪಿಗೆ ಕೊಟ್ಟರೆ ನಾಳೆಯೇ ಬರುತ್ತೇನೆ.

ನಾನು ಬರೆದ ವರ್ಷದ ಮಳೆ ಪುಸ್ತಕ, ಕೆಂಪು ಶಾಯಿಯ ಆ ಸಾಲಿರುವುದು, ನಾನು ನೋಡಿದ ನಾಲ್ಕು ಚೀಲಗಳಲ್ಲಿ ಸಿಗಲಿಲ್ಲ. ಕತ್ತಲಾಗುತ್ತಿತ್ತು, ಗೇಟು ಮುಚ್ಚುವ ಹೊತ್ತಾಗಿತ್ತು. ಉಳಿದ ಎರಡು ಚೀಲಗಳನ್ನು ಬಿಚ್ಚದೆ ಬಂದಿದ್ದೇನೆ. ಗೆದ್ದಲು ಹತ್ತಿರುವುದು ಅವುಗಳಲ್ಲೊಂದಕ್ಕೆ.

ಇಂತಿ,
ಅರಣ್ಯ ವೀಕ್ಷಕರೊಬ್ಬರ ಮಗಳು,
ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು